ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕೆ?

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಮೋಹಕ್ಕೆ ಬಿದ್ದಿರುವ ಬೆಂಗಳೂರಿನ ಯುವಕರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಯಾವ ಕಾರಿಗೆ ಎಷ್ಟು ಲಕ್ಷ, ಬಣ್ಣ ಎಲ್ಲಿ ಹೊಡೆಸಿದರು, ಸೀಟಿಗೆ ಎಂಥ ಚರ್ಮ ಹಾಕಿಸಿದರು, ಎಲ್ಲ ವಿವರವೂ ಇತ್ತು. ಆದರೆ ಅದರಲ್ಲಿ ಮಾತನಾಡಿದ ಒಬ್ಬ ಮಾಲೀಕರು, ‘ನಿರ್ವಹಣೆ ಅಂಥ ದೊಡ್ಡ ವಿಷಯವೇ ಅಲ್ಲ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟರೆ ಸಾಕು’ ಎಂದಿದ್ದಾರೆ. ನೀವು ಆ ಮಾತನ್ನೇ ಆರಿಸಿ ದಪ್ಪಕ್ಷರದಲ್ಲಿ, ಚೌಕಟ್ಟಿನೊಳಗೆ ಬೇರೆ ಹಾಕಿದ್ದೀರಿ. ಮೊದಲ ಸಲ ಹಳೆಯ ಕಾರು ಕೊಂಡವರು ಅದನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸಿಕೊಳ್ಳುವ ಮೊದಲು ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ವಾಹನಗಳ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಕೈಗೆ ಬಂದದ್ದೆಲ್ಲ ಬಿಳಿ ಅಂಬಾಸಿಡರ್‌ಗಳೇ. ಒಳಗೆ ಕೂರುವ ಸಾಹೇಬರು ಬದಲಾಗುತ್ತಿದ್ದರು, ಕಾರು ಅದೇ ಇರುತ್ತಿತ್ತು. ಈಗ ಪರಿಚಯದವರ ಎರಡು ಮೂರು ಹಳೆಯ ಕಾರುಗಳನ್ನು ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ನಮ್ಮ ಬೀದಿಯ ಸಾಫ್ಟ್‌ವೇರ್ ಹುಡುಗನ 1966ರ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಕಡ್ಡಿ ಚಕ್ರ, ಮಡಚುವ ಮೇಲ್ಛಾವಣಿ. ಇವತ್ತು ಷೋರೂಮಿನಲ್ಲಿ ಸಿಗುವ ಎಂಜಿಗೂ ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಇದು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು. ಐದು ಲಕ್ಷಕ್ಕೂ ಹೆಚ್ಚು ಹೊರಬಂದವು.

ಅಂಬಾಸಿಡರ್ ಮೆಕ್ಯಾನಿಕ್ಕಿಗೆ ಎಂಜಿಯ ವಿಷಯ ಏನು ಗೊತ್ತು ಎಂದು ಆ ಹುಡುಗನ ಸ್ನೇಹಿತರೊಬ್ಬರು ನನ್ನೆದುರೇ ಕೇಳಿದ್ದರು. ಬಾನೆಟ್ ಎತ್ತಿ ತೋರಿಸಿದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿ ಎಂಜಿನ್ನೇ ಎರಡರಲ್ಲೂ ಇರುವುದು. ನಮ್ಮ ಅಂಬಾಸಿಡರ್‌ನದು 1489 ಸಿಸಿ. ಎಂಜಿಬಿಗೆ ಮುಂಚಿನ ಎಂಜಿಎ 1500 ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಅದೇ 1489 ಸಿಸಿ. ಎಂಜಿಬಿಯಲ್ಲಿ ಅದನ್ನು 1798 ಸಿಸಿಗೆ ಹಿಗ್ಗಿಸಿ, ಅಂಬಾಸಿಡರ್‌ನಲ್ಲಿರುವ ಒಂದರ ಬದಲು ಎರಡು ಎಸ್‌ಯು ಕಾರ್ಬುರೇಟರ್ ಕೂರಿಸಿದರು. ಲಂಡನ್ನಿನ ಹುಡುಗರು ಗೆಳತಿಯರನ್ನು ಕೂರಿಸಿಕೊಂಡು ಸಮುದ್ರತೀರಕ್ಕೆ ಹೋದದ್ದೂ, ನಮ್ಮ ತಹಶೀಲ್ದಾರರು ಬರ ಪರಿಶೀಲನೆಗೆ ಹೋದದ್ದೂ ಒಂದೇ ವಂಶದ ಎಂಜಿನ್‌ನಲ್ಲಿ. ಹಾಗಾಗಿ ಮಾತನಾಡುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಈಗ ಆ ಹತ್ತು ನಿಮಿಷದ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರ್ ಒಳಗೇ ನೀರಾಗಿ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಇನ್ನೊಂದಿಷ್ಟು ಪಿಸ್ಟನ್ ದಾಟಿ ಆಯಿಲ್‌ಗೆ ಸೇರುತ್ತದೆ. ಸ್ಟಾರ್ಟ್ ಮಾಡಲು ಚೋಕ್ ಎಳೆದಿರುತ್ತೀರಲ್ಲ, ಆಗ ಹೆಚ್ಚಾಗಿ ಬಂದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಹತ್ತು ನಿಮಿಷಕ್ಕೆ ಎಂಜಿನ್ ಆರಿಸಿದರೆ ಈ ನೀರು, ಈ ಪೆಟ್ರೋಲ್ ಎಲ್ಲವೂ ಇದ್ದಲ್ಲೇ ಉಳಿಯಿತು. ಮುಂದಿನ ವಾರ ಇನ್ನೊಂದು ಪಾಲು. ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಒಳಮೈ ನೋಡಿ. ಕೆನೆಬಣ್ಣದ ಲೋಳೆ ಕಂಡರೆ ಆ ಕಾರು ಶೆಡ್ಡಿನಲ್ಲೇ ಓಡುತ್ತಿದೆ ಎಂದು ಅರ್ಥ.

ಬ್ಯಾಟರಿ ಚಾರ್ಜ್ ಆಗುತ್ತದಲ್ಲ ಎನ್ನುತ್ತಾರೆ. 1966ರ ಎಂಜಿಬಿಯಲ್ಲಿ ಬ್ಯಾಟರಿ ತುಂಬಿಸುವುದು ಹಳೆಯ ಕಾಲದ ಡೈನಮೋ, ಈಗಿನ ಕಾರುಗಳ ಆಲ್ಟರ್ನೇಟರ್ ಅಲ್ಲ. ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಮೆಲ್ಲಗೆ ತಿರುಗುವಾಗ, ಡೈನಮೋ ಹೇಳಿಕೊಳ್ಳುವಂಥ ಕರೆಂಟ್ ಕೊಡುವುದೇ ಇಲ್ಲ. ಮೀಟರ್ ಪಕ್ಕದ ಕೆಂಪು ದೀಪ ಮಿಣಮಿಣ ಎನ್ನುವುದು ಅದಕ್ಕೇ. ಸ್ಟಾರ್ಟರ್ ತಿಂದಷ್ಟನ್ನು ಹಿಂದಕ್ಕೆ ತುಂಬಿಸುವ ಮೊದಲೇ ನೀವು ಕೀಲಿ ತಿರುಗಿಸಿ ಒಳಗೆ ಕಾಫಿಗೆ ಹೋಗಿರುತ್ತೀರಿ. ಕಾರು ನಿಂತಲ್ಲೇ ನಿಂತಿರುವುದರಿಂದ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಬ್ರೇಕ್, ಚಕ್ರದ ಬೇರಿಂಗ್ ಯಾವುದಕ್ಕೂ ಚಲನೆ ಇಲ್ಲ. ಟೈರಿನ ಅದೇ ಜಾಗ ನೆಲಕ್ಕೆ ಒತ್ತಿಕೊಂಡೇ ಇರುತ್ತದೆ.

ಸ್ಟಾರ್ಟ್ ಮಾಡುವುದಾದರೆ ಓಡಿಸಬೇಕು. ಓಡಿಸಲು ಆಗದಿದ್ದರೆ ಸ್ಟಾರ್ಟ್ ಮಾಡದೆ ಬಿಡುವುದೇ ಒಳ್ಳೆಯದು. ನೀರಿನ ಮುಳ್ಳು ಮೇಲೆ ಬಂದ ತಕ್ಷಣ ಆಯಿಲ್ ಬಿಸಿಯಾಯಿತು ಎಂದಲ್ಲ, ಅದಕ್ಕೆ ಇನ್ನೂ ಹೊತ್ತು ಬೇಕು. ಬೆಳಗಿನ ಜಾವ ಟ್ರಾಫಿಕ್ ಹುಟ್ಟುವ ಮೊದಲು ಹೊರಟು, ಒಂದು ಗಂಟೆ ನಿಲ್ಲಿಸದೆ ಓಡಿಸಿ ಬನ್ನಿ. ಬಂದ ಮೇಲೆ ಆಯಿಲ್ ಪ್ರೆಷರ್ ಮೀಟರ್ ನೋಡಿ. ಬಿಸಿ ಎಂಜಿನ್ ಓಡುವಾಗ 50ರಿಂದ 80 ಪೌಂಡ್, ಐಡಲಿಂಗ್‌ನಲ್ಲಿ 10ರಿಂದ 25 ಎಂದು ಕಾರಿನ ಕೈಪಿಡಿ ಹೇಳುತ್ತದೆ. ತಣ್ಣನೆಯ ಎಂಜಿನ್ ತೋರಿಸುವ ಪ್ರೆಷರ್ ನೋಡಿ ಹಿಗ್ಗಿ ಕಾರು ಕೊಂಡವರನ್ನು ನೋಡಿದ್ದೇನೆ. ತಣ್ಣಗಿದ್ದಾಗ ಎಂಥ ಸವೆದ ಎಂಜಿನ್ನೂ ದೊಡ್ಡ ಅಂಕಿಯನ್ನೇ ತೋರಿಸುತ್ತದೆ.

ಎಂಜಿನ್ ಆಯಿಲ್ 20ಡಬ್ಲ್ಯು-50 ಎಂಬ ದರ್ಜೆಯದು. ಫಿಲ್ಟರ್ ಸೇರಿ ನಾಲ್ಕೂಕಾಲು ಲೀಟರ್ ಹಿಡಿಯುತ್ತದೆ. ಹೊಸ ಕಾರಿಗೆ ಹಾಕುವ ನೀರಿನಂಥ ತೆಳು ಸಿಂಥೆಟಿಕ್ ಆಯಿಲ್ ದುಬಾರಿ ಎಂಬ ಒಂದೇ ಕಾರಣಕ್ಕೆ ಇದಕ್ಕೂ ಒಳ್ಳೆಯದು ಎಂದುಕೊಳ್ಳಬೇಡಿ. ಈ ಎಂಜಿನ್‌ನ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜಿಕೊಂಡೇ ಕೆಲಸ ಮಾಡುವಂಥವು. ಅವಕ್ಕೆ ಆಯಿಲ್‌ನಲ್ಲಿ ಸತು ಮತ್ತು ರಂಜಕದ ಅಂಶ ಚೆನ್ನಾಗಿರಬೇಕು. ಹೊಸ ಕಾರುಗಳ ಆಯಿಲ್‌ನಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಮೂರು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸಿ ಎಂದು ಕೈಪಿಡಿಯಲ್ಲಿದೆ. ಅಷ್ಟು ಓಡಿಸುವವರು ಈಗ ಯಾರಿದ್ದಾರೆ? ವರ್ಷಕ್ಕೊಮ್ಮೆ, ಓಡಿರಲಿ ಓಡದಿರಲಿ, ಬದಲಿಸಿ. ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್ ಹಳೆಯದು ಮೇಲಿನ ಕಚ್ಚಿನಲ್ಲೇ ಅಂಟಿಕೊಂಡು ಕೂತಿರುತ್ತದೆ. ಸೂಜಿಯಿಂದ ಎಬ್ಬಿಸಿ ತೆಗೆಯದೆ ಹೊಸದನ್ನು ಅದರ ಮೇಲೆಯೇ ಕೂರಿಸಿದರೆ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಎಲ್ಲ ನೆಲದ ಮೇಲೆ.

ಇನ್ನು ಗೇರ್‌ಬಾಕ್ಸ್. ಹೊಸಬರಿಗೆ ದೊಡ್ಡ ನಷ್ಟ ಮಾಡುವ ಜಾಗ ಇದು. ಗೇರ್‌ಬಾಕ್ಸ್ ಎಂದ ಕೂಡಲೇ ಯಾವ ಗ್ಯಾರೇಜಿನವರಾದರೂ 90 ನಂಬರ್ ಆಯಿಲ್ ಡಬ್ಬಿಗೆ ಕೈ ಹಾಕುತ್ತಾರೆ. ಎಂಜಿಬಿಯ ಗೇರ್‌ಬಾಕ್ಸ್‌ಗೆ ಹಾಕಬೇಕಾದದ್ದು ಎಂಜಿನ್‌ಗೆ ಹಾಕುವ ಅದೇ 20ಡಬ್ಲ್ಯು-50. ಒಳಗೆ ಕಂಚಿನ ಭಾಗಗಳಿವೆ, ಕೆಲವು 90 ಆಯಿಲ್‌ಗಳಲ್ಲಿರುವ ಗಂಧಕದ ಸೇರ್ಪಡೆ ಆ ಲೋಹಕ್ಕೆ ಆಗದು. 90 ಆಯಿಲ್ ಹಿಂದಿನ ಆಕ್ಸಲ್‌ಗೆ ಮಾತ್ರ. ಎರಡೂ ಪ್ಲಗ್‌ಗಳ ಪಕ್ಕದಲ್ಲಿ ಪೇಂಟಿನಿಂದ ಬರೆದಿಡಲು ಆ ಹುಡುಗನಿಗೆ ಹೇಳಿದೆ. ಬರೆದಿದ್ದಾನೆ, ಕನ್ನಡದಲ್ಲಿ. ಓದುವ ಕೈಗಳು ಇಲ್ಲಿಯವೇ ತಾನೆ.

ಗ್ರೀಸ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಬೇಸರಿಸಬೇಡಿ. ನಿಮ್ಮ ಇಡೀ ಲೇಖನದಲ್ಲಿ ಆ ಪದವೇ ಇರಲಿಲ್ಲ. ಈಗಿನ ಕಾರುಗಳಲ್ಲಿ ಗ್ರೀಸ್ ಹೊಡೆಯುವ ಜಾಗವೇ ಇರುವುದಿಲ್ಲವಾದ್ದರಿಂದ ಈಗಿನವರಿಗೆ ಗ್ರೀಸ್ ಗನ್ ಎಂದರೆ ಟ್ರ್ಯಾಕ್ಟರ್‌ನವರ ಸಾಮಾನು. ಸ್ಟೀರಿಂಗ್ ತಿರುಗಿಸಿದಾಗ ಎಂಜಿಬಿಯ ಮುಂಚಕ್ರಗಳು ಎಡಬಲಕ್ಕೆ ಹೊರಳುವುದು ಕಿಂಗ್‌ಪಿನ್ ಎಂಬ ಗೂಟದ ಮೇಲೆ. ಅದಕ್ಕೆ ಗ್ರೀಸ್ ಗನ್ ಹಚ್ಚುವ ನಿಪ್ಪಲ್‌ಗಳು ಒಂದೊಂದು ಬದಿಗೆ ಮೂರರಂತೆ ಆರು ಇವೆ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಒಂದು, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಒಂದು. ಆ ಹುಡುಗ ಕಾರು ತಂದಾಗ ಮುಂದಿನ ನಿಪ್ಪಲ್‌ಗಳು ನನಗೆ ಕಾಣಲೇ ಇಲ್ಲ. ಹುಡುಕಿದರೆ, ಕಾರನ್ನು ‘ಪೂರ್ತಿ ರೆಸ್ಟೋರ್’ ಮಾಡಿಕೊಟ್ಟ ಗ್ಯಾರೇಜಿನವರು ಅಡಿಭಾಗಕ್ಕೆಲ್ಲ ಕಪ್ಪು ಪೇಂಟ್ ಬಳಿಯುವಾಗ ನಿಪ್ಪಲ್‌ಗಳ ಬಾಯಿಯ ಮೇಲೂ ಬಳಿದು ಮುಚ್ಚಿದ್ದರು. ಕಾರಿನ ಮೈಗೆ ಸುರಿದ ಹಣದ ಲೆಕ್ಕ ಕೇಳಿದರೆ ಒಂದು ಸೈಟಿನ ಮುಂಗಡ ಕಟ್ಟಬಹುದಿತ್ತು. ಗ್ರೀಸ್ ಡಬ್ಬಿಯ ಬೆಲೆ ಅದರ ಒಂದು ಡೋರಿನ ಹಿಡಿಕೆಗೂ ಸಮವಲ್ಲ.

ಪೇಂಟ್ ಕೆರೆದು ಗನ್ ಹಚ್ಚಿದೆವು. ಗ್ರೀಸ್ ಒಳಗೆ ಹೋಗಲಿಲ್ಲ, ನಿಪ್ಪಲ್‌ನ ಪಕ್ಕದಿಂದಲೇ ಚಿಮ್ಮಿತು. ಅದಕ್ಕೊಂದು ಕಾರಣವಿದೆ. ಕಾರಿನ ಭಾರ ಚಕ್ರದ ಮೇಲೆ ಇರುವಾಗ ಪಿನ್ ಒಂದು ಮಗ್ಗುಲಿಗೆ ಒತ್ತಿಕೊಂಡಿರುತ್ತದೆ, ಭಾರ ಹೊರುವ ಜಾಗಕ್ಕೆ ಗ್ರೀಸ್ ನುಗ್ಗಲು ಸಂದೇ ಇರುವುದಿಲ್ಲ. ಜಾಕಿ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಗಾಳಿಯಲ್ಲಿ ತೂಗುಬಿಟ್ಟು ಗನ್ ಒತ್ತಬೇಕು. ಒತ್ತುತ್ತ ಒಬ್ಬರು ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಂದಿಯಿಂದ ಗಟ್ಟಿಯಾದ ಕಪ್ಪು ಗ್ರೀಸ್, ಅದರ ಹಿಂದೆ ತುಕ್ಕಿನ ಬಣ್ಣದ್ದು, ಕೊನೆಗೆ ನೀವು ತುಂಬಿದ ಹೊಸ ಗ್ರೀಸ್ ಹೊರಗೆ ಇಣುಕುತ್ತದೆ. ಹೊಸದು ಕಾಣುವವರೆಗೆ ಕೈ ಬಿಡಬಾರದು. ಹೊರಬಂದದ್ದನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಧೂಳು ಹಿಡಿದು ಅದೇ ಅರದ ಕೆಲಸ ಮಾಡುತ್ತದೆ. ಇಷ್ಟಾದ ಮೇಲೆ ಆ ಹುಡುಗ ಒಂದು ಸುತ್ತು ಹೋಗಿಬಂದು, ‘ಅಂಕಲ್, ಪವರ್ ಸ್ಟೀರಿಂಗ್ ಹಾಕಿಸಿದ ಹಾಗಿದೆ’ ಎಂದ. ಅವನು ಅದುವರೆಗೂ ಹಳೆಯ ಕಾರಿನ ಸ್ಟೀರಿಂಗ್ ಭಾರವೇ ಇರುತ್ತದೆ ಎಂದು ನಂಬಿಕೊಂಡಿದ್ದ.

ಅದೇ ದಿನ ಆಯಿಲ್ ಕ್ಯಾನ್ ಹಿಡಿದು ಒಂದು ಪ್ರದಕ್ಷಿಣೆ ಹಾಕಿಬಿಡಿ. ಡೈನಮೋದ ಹಿಂದಿನ ಬೇರಿಂಗ್‌ಗೆ ಒಂದು ಸಣ್ಣ ತೂತಿದೆ, ಎರಡು ಮೂರು ಹನಿ. ಡಿಸ್ಟ್ರಿಬ್ಯೂಟರ್‌ನ ರೋಟರ್ ಕಿತ್ತರೆ ಕಾಣುವ ತಿರುಪಿನ ಮೇಲೆ ಎರಡು ಹನಿ. ಪಾಯಿಂಟ್ ಮೇಲೆ ಬೀಳದಂತೆ. ಕಾರ್ಬುರೇಟರ್‌ಗಳ ಗೋಪುರದ ಮೇಲಿನ ಕಪ್ಪು ಮುಚ್ಚಳಗಳನ್ನು ತಿರುಗಿಸಿ ಎತ್ತಿದರೆ ಒಂದು ಕಡ್ಡಿ ಜೊತೆಗೇ ಬರುತ್ತದೆ. ಅದನ್ನು ಹಿಂದಕ್ಕೆ ಇಳಿಸುವಾಗ ಮುಚ್ಚಳ ಕೂರುವ ಮುಂಚೆಯೇ ತಡೆ ಸಿಗಬೇಕು. ಸಿಗದಿದ್ದರೆ ಅಲ್ಲಿ ಆಯಿಲ್ ಇಲ್ಲ. ಆಯಿಲ್ ಇಲ್ಲದಿದ್ದರೆ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಓಡುತ್ತದೆ. ಟ್ಯೂನಿಂಗ್ ತಪ್ಪಿದೆ ಎಂದು ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ. ಬೇಕಾಗಿದ್ದದ್ದು ಒಂದು ಚಮಚ ಆಯಿಲ್. ಇನ್ನೊಂದು ಪರೀಕ್ಷೆ: ಏರ್ ಫಿಲ್ಟರ್ ತೆಗೆದು ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಮೇಲೆತ್ತಿ ಬಿಡಿ. ‘ಟಕ್’ ಎಂದು ಲೋಹದ ಸದ್ದು ಮಾಡಿ ಕೆಳಗೆ ಕೂರಬೇಕು. ಸದ್ದಿಲ್ಲದೆ ನಡುವೆ ನಿಂತರೆ ಸೂಜಿ ಜೆಟ್‌ಗೆ ತಾಗುತ್ತಿದೆ ಅಥವಾ ಗೋಪುರದೊಳಗೆ ಕೊಳೆ ಇದೆ. ಮುಂದಿನ ಶಾಕ್ ಅಬ್ಸಾರ್ಬರ್‌ಗಳೂ ಆಯಿಲ್ ತುಂಬಿದ ಲಿವರ್ ಮಾದರಿಯವು. ಅದಕ್ಕೂ ಟಾಪ್‌ಅಪ್ ಇದೆ.

ಟ್ಯಾಪೆಟ್ ಸೆಟ್ಟಿಂಗ್ ಎಂದರೆ ಹೊಸಬರು ಹೆದರುತ್ತಾರೆ. ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್ ಸರಿಮಾಡುವುದು, ಅಷ್ಟೇ. ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಹುಡುಗರಿಗೆ ಮೊದಲು ಕಲಿಸುತ್ತಿದ್ದುದೇ ಇದನ್ನು. ಎಂಟು ವಾಲ್ವ್, ಒಂಬತ್ತರ ಲೆಕ್ಕ. ಎಂಟನೆಯ ವಾಲ್ವ್ ಪೂರ್ತಿ ಒತ್ತಿಕೊಂಡಿರುವಾಗ ಒಂದನೆಯದರ ಗ್ಯಾಪ್ ನೋಡಿ. ಆರು ಒತ್ತಿಕೊಂಡಾಗ ಮೂರು. ನಾಲ್ಕು ಒತ್ತಿಕೊಂಡಾಗ ಐದು. ಎರಡೂ ಸೇರಿದರೆ ಒಂಬತ್ತು ಬರಬೇಕು, ಅಷ್ಟೇ. ಪ್ಲಗ್‌ಗಳನ್ನು ಬಿಚ್ಚಿ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ಬೇಕಾದಷ್ಟೇ ತಿರುಗುತ್ತದೆ. ಗ್ಯಾಪ್ 0.015 ಅಂಗುಲ. ಫೀಲರ್ ಗೇಜಿನ ಬ್ಲೇಡ್ ಎಳೆದರೆ ಬರಬೇಕು, ಆದರೆ ಹಿಡಿದು ಹಿಡಿದು ಬರಬೇಕು.

ಟಿಕ್ ಟಿಕ್ ಎನ್ನುವ ಟ್ಯಾಪೆಟ್ಟಿಗೆ ಅಷ್ಟು ಹೆದರಬೇಕಾಗಿಲ್ಲ. ಸದ್ದು ಇರಬಾರದೆಂದು ಬಿಗಿ ಮಾಡಿಟ್ಟ ಟ್ಯಾಪೆಟ್ಟೇ ಅಪಾಯದ್ದು, ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಪ್ರತಿ ಸಲದ ಅಳತೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ ಎನ್ನುವುದಕ್ಕೂ ಕಾರಣವಿದೆ. ಈ ಎಂಜಿನ್‌ಗಳು ಸೀಸ ಬೆರೆತ ಪೆಟ್ರೋಲ್ ಕಾಲದವು. ವಾಲ್ವ್ ಸೀಟಿಗೆ ಸೀಸವೇ ರಕ್ಷಣೆ ಕೊಡುತ್ತಿತ್ತು. 2000ದಿಂದ ದೇಶದ ಬಂಕ್‌ಗಳಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹೆಡ್ ಎಂದರೆ ವಾಲ್ವ್‌ಗಳು ಕೂರುವ, ಎಂಜಿನ್‌ನ ಮೇಲಿನ ಭಾಗ. ಗಟ್ಟಿ ಲೋಹದ ಸೀಟ್ ಹಾಕಿಸದ ಹಳೆಯ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳು, ಅಂದರೆ 1, 4, 5 ಮತ್ತು 8ನೆಯವು, ಸ್ವಲ್ಪಸ್ವಲ್ಪವೇ ಹೆಡ್‌ನೊಳಗೆ ಇಳಿಯುತ್ತವೆ. ಇಳಿದಷ್ಟೂ ಗ್ಯಾಪ್ ಕಿರಿದಾಗುತ್ತದೆ. ಪ್ರತಿ ಸಲ ಅದೇ ವಾಲ್ವ್‌ನ ಗ್ಯಾಪ್ ಕಡಿಮೆಯಾಗಿ ಸಿಗುತ್ತಿದ್ದರೆ ಹೆಡ್ ಬಿಚ್ಚುವ ಕಾಲ ಹತ್ತಿರ ಬಂದಿದೆ. ನೋಟ್‌ಬುಕ್ ಇಲ್ಲದವರಿಗೆ ಇದು ತಿಳಿಯುವುದು ಕಾರು ದಾರಿಯಲ್ಲಿ ನಿಂತ ಮೇಲೆ.

ಈಗಿನ ಪೆಟ್ರೋಲ್‌ನ ಇನ್ನೊಂದು ತಾಪತ್ರಯ ಎಥನಾಲ್. ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತದ್ದು. ಸರ್ಕಾರದ ನೀತಿಯ ಚರ್ಚೆ ನನಗೆ ಬೇಡ, ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ. ಆದರೆ 1966ರ ರಬ್ಬರ್ ಅದನ್ನು ತಡೆಯುವುದಿಲ್ಲ. ಪೈಪ್‌ಗಳು ಮೆತ್ತಗಾಗುತ್ತವೆ, ಇಲ್ಲವೇ ಬಿರುಕು ಬಿಡುತ್ತವೆ. ಪಂಪಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪ್‌ಗಳನ್ನೆಲ್ಲ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸುವುದು ಕಾರು ಕೊಂಡ ವಾರದಲ್ಲೇ ಆಗಬೇಕಾದ ಕೆಲಸ. ಯಾಕೆಂದರೆ ಬಿ-ಸರಣಿ ಎಂಜಿನ್‌ನಲ್ಲಿ ಕಾರ್ಬುರೇಟರ್‌ಗಳೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿವೆ; ಮೇಲೆ ಪೆಟ್ರೋಲ್, ಕೆಳಗೆ ಕಾದ ಕಬ್ಬಿಣ. ಒಂದು ಹನಿ ಸೋರಿಕೆಯನ್ನೂ ‘ನಾಳೆ ನೋಡೋಣ’ ಎನ್ನಬಾರದು. ಸೀಟಿನ ಹತ್ತಿರ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಇರಲಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯಬಾರದು. ಓಡಿಸಿ ಖರ್ಚು ಮಾಡಿ, ಹೊಸದು ಹಾಕಿಸಿ.

ಬ್ರೇಕ್ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಆ ಕಾಲದ ಎಂಜಿಬಿಯ ಬ್ರೇಕಿಗೆ ಒಂದೇ ಸರ್ಕ್ಯೂಟ್. ನಾಲ್ಕು ಚಕ್ರಗಳಲ್ಲಿ ಒಂದರ ಪೈಪ್ ಒಡೆದರೂ ನಾಲ್ಕಕ್ಕೂ ಬ್ರೇಕ್ ಇಲ್ಲ. ಆಗ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ, ಅದರ ಕೇಬಲ್‌ಗೂ ಗ್ರೀಸ್ ಇಲ್ಲದಿದ್ದರೆ ದೇವರೇ ಗತಿ. ಬ್ರೇಕ್ ಫ್ಲೂಯಿಡ್ ಮಳೆಗಾಲದ ಉಪ್ಪಿನ ಹಾಗೆ ಗಾಳಿಯಿಂದ ತೇವ ಎಳೆಯುತ್ತದೆ. ತೇವ ಸೇರಿದ ಫ್ಲೂಯಿಡ್ ಬೇಗ ಕುದಿಯುತ್ತದೆ. ನಂದಿಬೆಟ್ಟದ ತಿರುವುಗಳನ್ನು ಬ್ರೇಕ್ ತುಳಿದುಕೊಂಡೇ ಇಳಿಯುವಾಗ ಅದು ಕುದ್ದು ಪೆಡಲ್ ಕೆಳಕ್ಕೆ ಹೋದರೆ ಕೆಂಪು ಬಣ್ಣ ಕಾಪಾಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊರತೆಗೆದು ಹೊಸ ಡಾಟ್ 4 ತುಂಬಿಸಿ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಅದನ್ನು ಇದರೊಂದಿಗೆ ಬೆರೆಸಬಾರದು. ಚಕ್ರದ ಬಳಿಯ ಬ್ರೇಕ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರಬಹುದು. ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರ ಬಿಗಿಯಾಗಿ ಹಿಡಿದುಕೊಂಡೇ ಇದ್ದರೆ ಮೊದಲು ಹೋಸ್ ಮೇಲೆ ಅನುಮಾನ ಪಡಿ.

ಟೈರ್ ಸವೆದಿಲ್ಲ, ಹೊಸದರ ಹಾಗಿದೆ ಎನ್ನುವವರು ಅದರ ಮಗ್ಗುಲಲ್ಲಿರುವ ನಾಲ್ಕಂಕಿ ಓದಲಿ. 2314 ಎಂದಿದ್ದರೆ 2014ರ 23ನೇ ವಾರದ ಟೈರ್. ಸವೆಯದಿದ್ದರೂ ಅದಕ್ಕೆ ವಯಸ್ಸಾಗಿದೆ, ತೆಗೆಯಬೇಕು. ಕಡ್ಡಿ ಚಕ್ರಕ್ಕೆ ಒಳಗೆ ಟ್ಯೂಬ್ ಬೇಕೇ ಬೇಕು. ಕಡ್ಡಿಗಳನ್ನು ಸಣ್ಣ ಸ್ಪಾನರ್‌ನಿಂದ ಒಂದೊಂದಾಗಿ ತಟ್ಟುತ್ತ ಹೋಗಿ. ಬಿಗಿಯಾದದ್ದು ಕಿಣಿ ಎನ್ನುತ್ತದೆ, ಸಡಿಲವಾದದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಚಕ್ರ ಕೂರುವ ಹಲ್ಲುಗಳಿಗೂ ಗ್ರೀಸ್ ಬೇಕು. ನಡುವಿನ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಹೊಡೆಯಬೇಕು, ಕಬ್ಬಿಣದ್ದರಿಂದಲ್ಲ.

ರೇಡಿಯೇಟರ್‌ಗೆ ಕೊಳವೆಬಾವಿಯ ನೀರು ಹಾಕುವವರನ್ನು ಇವತ್ತಿಗೂ ನೋಡುತ್ತೇನೆ. ಬಾತ್‌ರೂಮಿನ ನಲ್ಲಿಗೆ ಕಟ್ಟುವ ಬಿಳಿ ಗಟ್ಟಿಯೇ ಎಂಜಿನ್‌ನೊಳಗೂ ಕಟ್ಟುತ್ತದೆ. ‘ನಮ್ಮೂರಿನಲ್ಲಿ ನೀರು ಹೆಪ್ಪುಗಟ್ಟುತ್ತದೆಯೇ, ಕೂಲೆಂಟ್ ಯಾಕೆ’ ಎಂದು ಕೇಳುತ್ತಾರೆ. ಬೇಕಾದದ್ದು ಅದರಲ್ಲಿರುವ ತುಕ್ಕು ತಡೆಯುವ ಗುಣ. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ. ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಬೆರೆಸಿ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ವಿದ್ಯುತ್ ಕೆಲಸದಲ್ಲಿ ಒಂದೇ ಎಚ್ಚರಿಕೆ. 1967ರ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಕಾರಿನ ಲೋಹದ ಮೈಗೆ ಕಟ್ಟಿರುತ್ತದೆ, ಮೈನಸ್ ಅಲ್ಲ. ಈಗಿನ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ತಿರುಗುಮುರುಗು ಕಟ್ಟಿದರೆ ಹಾಕಿಸಿದ ಹೊಸ ಮ್ಯೂಸಿಕ್ ಸಿಸ್ಟಮ್ ಹೊಗೆಯಾಗುತ್ತದೆ. ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಕಾರ್ಪೆಟ್ ಕೆಳಗಿನ ಮುಚ್ಚಳದೊಳಗೆ ಕೂತಿರುತ್ತವೆ. ಕಣ್ಣಿಗೆ ಬೀಳದ ಕಾರಣ ಯಾರೂ ನೋಡುವುದಿಲ್ಲ. ಆಸಿಡ್ ಸೋರಿ ಅವುಗಳ ತಟ್ಟೆಯೇ ಕೊಳೆತ ಕಾರುಗಳಿವೆ.

ಬಾಡಿಯ ಹೊಳಪಿನ ಬಗ್ಗೆ ನೀವು ಸಾಕಷ್ಟು ಬರೆದಿದ್ದೀರಿ, ನಾನು ಬಾಗಿಲ ಕೆಳಗಿನ ಸಿಲ್ ಬಗ್ಗೆ ಮಾತ್ರ ಹೇಳುತ್ತೇನೆ. ಎಂಜಿಬಿಗೆ ಅಂಬಾಸಿಡರ್ ಹಾಗೆಯೇ ಬೇರೆ ಚಾಸಿ ಇಲ್ಲ. ಅದರ ಬೆನ್ನುಮೂಳೆ ಆ ಸಿಲ್‌ಗಳೇ, ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಇನ್ನೂ ಹೆಚ್ಚು. ಅಡಿಯಲ್ಲಿ ನೀರು ಇಳಿಯುವ ತೂತುಗಳನ್ನು ಮಳೆಗಾಲಕ್ಕೆ ಮೊದಲು ಕಡ್ಡಿಯಿಂದ ಬಿಡಿಸಿಡಿ. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಅದು ಅಂಟದ ಕಡೆ ಪುಟ್ಟಿ ತುಂಬಿದ್ದಾರೆ.

ಪಾನಗಳ, ಅಂದರೆ ಸ್ಪಾನರ್‌ಗಳ, ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಈ ಕಾರಿನ ನಟ್ ಬೋಲ್ಟ್‌ಗಳು ಅಂಗುಲದ ಅಳತೆಯವು. ಅರ್ಧ ಅಂಗುಲ ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನ ಹಾಕಿದರೆ ಹಿಡಿದ ಹಾಗೆ ಕಾಣುತ್ತದೆ, ಬಿಗಿಯಾದ ನಟ್ಟಿನ ಮೇಲೆ ಜಾರಿ ಮೂಲೆ ಸವೆಸುತ್ತದೆ. ಹಿಂದೆ ಕಾರನ್ನು ಮುಟ್ಟಿದವರು ಎಂಥವರು ಎಂದು ತಿಳಿಯಲು ನಾನು ಮೊದಲು ನೋಡುವುದು ನಟ್ಟುಗಳ ಮೂಲೆಗಳನ್ನೇ. ಅಂಗುಲದ ಪಾನಗಳು ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತವೆ, ಶಿವಾಜಿನಗರದ ಗುಜರಿಯಲ್ಲಿ ಅದಕ್ಕಿಂತ ಒಳ್ಳೆಯ ಹಳೆಯವು ಸಿಗುತ್ತವೆ. ಕಾರಿನ ಜೊತೆಗೆ ಬರುತ್ತಿದ್ದ ಮಾಲೀಕರ ಕೈಪಿಡಿಯ ಮರುಮುದ್ರಣವನ್ನೂ ಕೊಳ್ಳಿ. ಎಲ್ಲೆಲ್ಲಿ ಗ್ರೀಸ್, ಎಲ್ಲೆಲ್ಲಿ ಆಯಿಲ್ ಎಂದು ಅದರಲ್ಲಿ ಒಂದು ಚಿತ್ರಪಟವಿದೆ. ಆ ಕಾಲದಲ್ಲಿ ಈ ಕೆಲಸಗಳನ್ನು ಮಾಲೀಕನೇ ಭಾನುವಾರ ತೋಳು ಮಡಚಿ ಮಾಡಿಕೊಳ್ಳುತ್ತಾನೆ ಎಂದೇ ಕಾರು ಮಾಡಿದವರು ಎಣಿಸಿದ್ದರು.

ದಿನಾಂಕ ನೆನಪಿಡಲು ನಾನು ಆ ಹುಡುಗನಿಗೆ ಆಯುಧಪೂಜೆಯನ್ನು ಗುರುತು ಮಾಡಿಕೊಟ್ಟಿದ್ದೇನೆ. ಮುಂಗಾರು ಮುಗಿಯುತ್ತ ಬಂದಿರುತ್ತದೆ, ತೇವ ಎಲ್ಲೆಲ್ಲಿ ಸೇರಿದೆ ಎಂದು ನೋಡಲು ಸರಿಯಾದ ಕಾಲ. ಹಬ್ಬದ ಹಿಂದಿನ ವಾರ ಆಯಿಲ್, ಗ್ರೀಸ್, ಟ್ಯಾಪೆಟ್, ಬ್ರೇಕ್ ಎಲ್ಲ ಮುಗಿಯಬೇಕು. ಗ್ರೀಸನ್ನು ಯುಗಾದಿಯ ಹೊತ್ತಿಗೆ ಇನ್ನೊಮ್ಮೆ. ಆಮೇಲೆ ಬೇಕಾದಷ್ಟು ಚೆಂಡುಹೂವು ಕಟ್ಟಿ, ಕುಂಬಳಕಾಯಿ ಒಡೆಯಲಿ.

ಕೊನೆಯದಾಗಿ, ‘ಹಳೆಯ ಕಾರುಗಳನ್ನು ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುವುದಿಲ್ಲ, ಅದಕ್ಕೇ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡುತ್ತೇವೆ’ ಎಂದೂ ಲೇಖನದಲ್ಲಿ ಒಬ್ಬರು ಹೇಳಿದ್ದಾರೆ. ಇದು ಅರ್ಧ ಸತ್ಯ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಹಾಗೆ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ ಎಂಬುದು ನಿಜ. ಆದರೆ ಪ್ರದರ್ಶನ, ರ‍್ಯಾಲಿಗಳ ಜೊತೆಗೆ ಪೆಟ್ರೋಲ್ ಹಾಕಿಸಲು ಮತ್ತು ನಿರ್ವಹಣೆಗಾಗಿ ರಸ್ತೆಗೆ ಇಳಿಸಬಹುದು ಎಂದು ಅದೇ ನಿಯಮದಲ್ಲಿದೆ. ಬೆಳಗ್ಗೆ ಬಂಕಿಗೆ ಹೋಗಿ ಪೆಟ್ರೋಲ್ ತುಂಬಿಸಿ, ಅಲ್ಲಿಂದ ಮೆಕ್ಯಾನಿಕ್ ಹತ್ತಿರ ಹೋಗಿ ಬಂದರೆ ಕಾನೂನೂ ಉಳಿಯಿತು, ಆಯಿಲ್ಲೂ ಬಿಸಿಯಾಯಿತು. ಬಂಕ್ ಸ್ವಲ್ಪ ದೂರದ್ದಾಗಿದ್ದರೆ ಇನ್ನೂ ಒಳ್ಳೆಯದು.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮೆಕ್ಯಾನಿಕ್,
ಬಸವನಗುಡಿ, ಬೆಂಗಳೂರು